ಒಂದು ಸಲಕ್ಕೆ ಒಂದೇ ಮನೆ: ಮಕ್ಕಳನ್ನು ಹಿರಿಯರ ಬಳಿ ಕರೆದೊಯ್ದ ನನ್ನ ಅನುಭವ

ನಾಲ್ಕು ವರ್ಷಗಳ ಹಿಂದೆ ಮಕ್ಕಳನ್ನು ಕರೆದುಕೊಂಡು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹೊರಟಾಗ ನಮ್ಮ ಅಣ್ಣ, ‘ಬೆಂಗಳೂರಿನ ಮಕ್ಕಳು ಮುದುಕರ ಮುಂದೆ ಅರ್ಧ ಗಂಟೆಯೂ ಕೂರುವುದಿಲ್ಲ, ದುಡ್ಡು ದಂಡ’ ಎಂದಿದ್ದ. ಮೊದಲ ಸಲ ಅವನ ಮಾತೇ ನಿಜವಾಯಿತು. ಟ್ಯಾಕ್ಸಿ ಮಾಡಿಕೊಂಡು ಎರಡು ದಿನಗಳಲ್ಲಿ ಒಂಬತ್ತೋ ಹತ್ತೋ ಮನೆ ಸುತ್ತಿ, ಎಲ್ಲ ಕಡೆಯೂ ಕಾಲಿಗೆ ನಮಸ್ಕಾರ ಮಾಡಿಸಿ ಹೊರಡಿಸಿದೆ. ಬಾಡಿಗೆ, ಹಣ್ಣು, ಸೀರೆ ಎಲ್ಲ ಸೇರಿ ಸುಮಾರು 18 ಸಾವಿರ ರೂಪಾಯಿ ಖರ್ಚಾಯಿತು. ಹಿಂದಿರುಗುವಾಗ ಯಾವ ಅಜ್ಜಿ ಯಾರ ಅಕ್ಕ ಎಂಬುದೂ ಮಗಳಿಗೆ ತಿಳಿದಿರಲಿಲ್ಲ. ಎರಡನೆಯ ಸಲ 20 ಪ್ರಶ್ನೆಗಳನ್ನು ಬರೆದುಕೊಟ್ಟು, ಉತ್ತರಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಕೂರಿಸಿದೆ. ಮೊಬೈಲು ಕಂಡೊಡನೆ ಚಿಕ್ಕಜ್ಜಿ ಸೆರಗು ಸರಿಮಾಡಿಕೊಂಡು, ‘ಎಲ್ಲ ಚೆನ್ನಾಗಿತ್ತು ಪುಟ್ಟಿ’ ಎಂದಷ್ಟೇ ಹೇಳಿ ಸುಮ್ಮನಾದರು.

ಆಮೇಲೆ ಕ್ರಮವನ್ನೇ ಬದಲಿಸಿದೆ. ಒಂದು ಸಲಕ್ಕೆ ಒಂದೇ ಮನೆ, ಕನಿಷ್ಠ ಎರಡು ರಾತ್ರಿ, ಅದೂ ಆ ಮನೆಯಲ್ಲಿ ಕೈತುಂಬ ಕೆಲಸವಿರುವ ಕಾಲದಲ್ಲಿ. ತಾಳಗುಪ್ಪದ ರೈಲಿನಲ್ಲಿ ಹೋದರೆ ನಾಲ್ವರು ಹೋಗಿಬರಲು ಸುಮಾರು 3 ಸಾವಿರ ಸಾಕು. ಏಪ್ರಿಲ್ ಕೊನೆಯೆಂದರೆ ಹಲಸಿನಕಾಯಿ ಹಪ್ಪಳದ ಕಾಲ. ಮಕ್ಕಳು ಸೊಳೆ ಬಿಡಿಸುತ್ತ, ಉಂಡೆ ಒತ್ತುತ್ತ ಕುಳಿತಿದ್ದಾಗ, ಯಾರೂ ಕೇಳದೆಯೇ ಚಿಕ್ಕಜ್ಜಿ ಕರೂರು ಸೀಮೆಯ ಹಳೆಯ ಮನೆಯ ಮಾತು ತೆಗೆದರು: 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರುವ ಮೊದಲೇ ಬಾಗಿಲು, ಕಂಬ, ಹೆಂಚುಗಳನ್ನು ಬಿಚ್ಚಿ ಗಾಡಿಗೆ ಹೇರಿದ್ದು, ಫಲಕ್ಕೆ ಬಂದ ಅಡಿಕೆ ತೋಟವನ್ನು ನೀರಿಗೆ ಬಿಟ್ಟು ಬಂದದ್ದು. ನಾವು ಒರಗಿ ಕುಳಿತಿದ್ದ ಜಗಲಿಯ ಕಂಬಗಳೇ ಅವು ಎಂದು ತಿಳಿದಾಗ ಮಗ ಹಿಟ್ಟಿನ ಕೈ ತೊಳೆದು ಬಂದು ಒಂದೊಂದೇ ಕಂಬವನ್ನು ಮುಟ್ಟಿ ನೋಡಿದ. ನಾನು ಬಾಯಿ ಬಿಡಬೇಕಾಗಲಿಲ್ಲ.

ಮೊದಲ ಸಂಜೆ ಮಾತು ಹೊರಡಿಸಲು ನಾನು ಚೀಲದಲ್ಲಿ ಒಂದು ವಸ್ತುವನ್ನು ಒಯ್ಯುತ್ತೇನೆ. ಅದು ಯಾವುದೆಂದು ಇಲ್ಲಿ ಬರೆಯಲಾರೆ. ಮನೆಯಿಂದ ಮನೆಗೆ ಅದು ಬೇರೆಯಾಗುತ್ತದೆ, ಹುಡುಕಲು ತಿಂಗಳು ಹಿಡಿಯುತ್ತದೆ.

ನಡುವೆ ಇನ್ನೊಂದು ಪ್ರಯತ್ನ ಮಾಡಿದೆ. ನಮ್ಮ ವಂಶಾವಳಿಯಲ್ಲಿ ಏಳು ತಲೆಮಾರಿನ ಗಂಡಸರ ಹೆಸರುಗಳಷ್ಟೇ ಇದ್ದವು. ಹೆಂಗಸರ ಹೆಸರನ್ನೂ ತವರನ್ನೂ ಮಗಳ ಕೈಯಲ್ಲಿ ಬರೆಸಲು ಹೊರಟರೆ ನಾಲ್ಕನೆಯ ತಲೆಮಾರಿಗೇ ನಿಂತುಹೋಯಿತು. ಮದುವೆಯಲ್ಲಿ ಹೆಸರು ಬದಲಿಸುತ್ತಿದ್ದುದರಿಂದ ಒಬ್ಬರೇ ಅಜ್ಜಿಯನ್ನು ಇಬ್ಬರೆಂದು ಬರೆದುಕೊಂಡಿದ್ದೆವು. ಆ ಹಾಳೆ ಇನ್ನೂ ಅರ್ಧದಲ್ಲಿಯೇ ಇದೆ.

ಚಿಕ್ಕಜ್ಜಿಗೆ ಕಿವಿ ಮಂದವಾದ್ದರಿಂದ ದೂರವಾಣಿ ಪ್ರಯೋಜನಕ್ಕೆ ಬರಲಿಲ್ಲ. ಅದರ ಜಾಗಕ್ಕೆ ಅಂಚೆ ಕಾರ್ಡು ಬಂತು. ಇದುವರೆಗೆ ಸುಮಾರು 30 ಕಾರ್ಡುಗಳು ಹೋಗಿ ಬಂದಿವೆ, ಕನ್ನಡ ಬರೆಯಲು ತಡವರಿಸುತ್ತಿದ್ದ ಮಗಳ ಅಕ್ಷರವೂ ತಿದ್ದಿಕೊಂಡಿದೆ. ಕಳೆದ ಮಳೆಗಾಲದಲ್ಲಿ ಅವಳು ತಾನು ಕೇಳಿದ್ದನ್ನೇ ಆಧರಿಸಿ ಮುಳುಗಿದ ಮನೆಯ ನಕ್ಷೆ ಬರೆದು ಕಳುಹಿಸಿದಳು. ಹದಿನೈದು ದಿನಕ್ಕೆ ಅದು ತಿರುಗಿ ಬಂತು. ಕೊಟ್ಟಿಗೆಯನ್ನು ಹೊಡೆದುಹಾಕಿ, ಬಾವಿಯ ಆಚೆ ಪೆನ್ಸಿಲಿನಲ್ಲಿ ಮತ್ತೆ ಬರೆದಿದ್ದರು. ಅಂಗಳದಲ್ಲಿ ಒಂದು ಪಾರಿಜಾತದ ಗಿಡವನ್ನೂ ಸೇರಿಸಿದ್ದರು.