ಐದು ಡಿಗ್ರಿ ಮುಂದೆ ಹೋಗಿದ್ದ ಕಿಡಿ

ನನ್ನ ರಿಮೋಟ್ ಕಂಟ್ರೋಲ್ ಮಾದರಿ ದೋಣಿ ತೇಲುತ್ತಿದ್ದ ಮರದ ತುಂಡಿಗೆ ಬಡಿದಾಗ ಪ್ರೊಪೆಲರ್ ಒಂದೇ ಹಾಳಾಯಿತು ಅಂದುಕೊಂಡೆ. ಹೊಸದು ಹಾಕಿ ಮತ್ತೆ ನೀರಿಗಿಳಿಸಿದೆ. ಕಾಟ ಶುರುವಾದದ್ದು ಅಲ್ಲಿಂದ. ಸ್ಟಾರ್ಟರ್ ಹಗ್ಗ ಎಳೆದರೆ ಎಂಜಿನ್ ಅದನ್ನು ಕೈಯಿಂದ ವಾಪಸ್ ಕಿತ್ತುಕೊಳ್ಳುತ್ತಿತ್ತು. ಬೆರಳ ಗೆಣ್ಣು ಎರಡು ದಿನ ನೋಯಿತು. ವಿಚಿತ್ರ ಅಂದರೆ, ಒಮ್ಮೆ ಸ್ಟಾರ್ಟ್ ಆದ ಮೇಲೆ ದೋಣಿ ಮೊದಲಿಗಿಂತ ಚುರುಕು! ತಿರುವು ಮುಗಿಸಿ ಥ್ರಾಟಲ್ ಕೊಟ್ಟರೆ ಜಿಗಿದು ಓಡುತ್ತಿತ್ತು. ಆದರೆ ಪೂರ್ತಿ ಥ್ರಾಟಲ್‌ನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಸದ್ದು ಒರಟಾಗಿ ವೇಗ ಇಳಿಯುತ್ತಿತ್ತು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪೆಟ್ರೋಲ್ ಅಳತೆ ಹೊಂದಿಸುವ ಕಾರ್ಬ್ಯುರೇಟರ್ ಸೂಜಿ ತಿರುಗಿಸುತ್ತಾ ಎರಡು ವಾರ ಕಳೆದೆ. ಕೊನೆಗೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ ಪಿಂಗಾಣಿಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಬೆಳ್ಳಿ ಬಣ್ಣದ ಚುಕ್ಕೆಗಳು. ಅದು ಅಲ್ಯುಮಿನಿಯಂ. ಪಿಸ್ಟನ್ ತಲೆಯಿಂದಲೇ ಕಿತ್ತು ಬಂದದ್ದು. ಡಿಟೊನೇಷನ್‌ನ ಗುರುತು, ಅಂದರೆ ಪೆಟ್ರೋಲ್ ಹದವಾಗಿ ಉರಿಯದೆ ಒಮ್ಮೆಲೇ ಸಿಡಿಯುವುದರ ಗುರುತು. ಸೂಜಿಯನ್ನು ಅಲ್ಲಿಗೇ ಬಿಟ್ಟೆ.

ನನ್ನದು ಹುಲ್ಲು ಕತ್ತರಿಸುವ ಯಂತ್ರದ ಜಾತಿಯ ಟೂ-ಸ್ಟ್ರೋಕ್ ಎಂಜಿನ್, ತಣ್ಣಗಾಗುವುದು ಮಾತ್ರ ನೀರಿನಿಂದ. 34 ಮಿ.ಮೀ. ಬೋರ್, 28 ಮಿ.ಮೀ. ಸ್ಟ್ರೋಕ್. ಲೆಕ್ಕ ಹಾಕಿದರೆ 25.4 ಸಿಸಿ, ಕರೆಯುವುದು ಮಾತ್ರ 26 ಅಂತ. ಬ್ಯಾಟರಿ ಇಲ್ಲ. ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಮೇಲೆ ಕೂತ ಭಾರದ ಚಕ್ರವೇ ಫ್ಲೈವೀಲ್. ಅದರ ಅಯಸ್ಕಾಂತ ಕಾಯಿಲ್ ಮುಂದೆ ಹಾದುಹೋದಾಗ ಕಿಡಿ ಹಾರುತ್ತದೆ. ಪೆಟ್ರೋಲ್ ಉರಿಯಲು ಹೊತ್ತು ಬೇಕಲ್ವಾ, ಅದಕ್ಕೇ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಬರಬೇಕು. ನನ್ನ ಎಂಜಿನ್ನಿನಲ್ಲಿ ಅದು ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ 28 ಡಿಗ್ರಿ ಮೊದಲು. 16,000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 96,000 ಡಿಗ್ರಿ ತಿರುಗುತ್ತದೆ. ಒಂದೆರಡು ಡಿಗ್ರಿಯ ವ್ಯತ್ಯಾಸ ಕಿವಿಗೆ ಗೊತ್ತಾಗುವುದಿಲ್ಲ, ಅಳೆಯಲೇಬೇಕು.

ಮೊದಲು ಟಿಡಿಸಿ, ಅಂದರೆ ಪಿಸ್ಟನ್ ಪೂರ್ತಿ ಮೇಲಿರುವ ಜಾಗ, ಹುಡುಕಬೇಕು. ಪ್ಲಗ್ ತೂತಿನಲ್ಲಿ ಕಡ್ಡಿ ಇಳಿಸಿ ‘ಇದೇ ಮೇಲ್ತುದಿ’ ಅಂತ ಅಂದಾಜು ಮಾಡಿದರೆ ಮೋಸ ಹೋಗುತ್ತೀರಿ. ತುದಿಯ ಹತ್ತಿರ ಕ್ರ್ಯಾಂಕ್ 5 ಡಿಗ್ರಿ ತಿರುಗಿದರೂ ಪಿಸ್ಟನ್ ಇಳಿಯುವುದು ಸುಮಾರು 0.07 ಮಿ.ಮೀ. ಮಾತ್ರ. ನಾನು ಹಳೆಯ ಪ್ಲಗ್‌ನ ಒಳಗನ್ನು ತೆಗೆದು, ತುದಿ ನುಣ್ಣಗೆ ಮಾಡಿದ ಬೋಲ್ಟ್ ಕೂರಿಸಿ ಪಿಸ್ಟನ್‌ಗೆ ತಡೆ ಮಾಡಿಕೊಂಡೆ. ಪ್ರೊಪೆಲರ್ ಕಡೆಯ ಕ್ರ್ಯಾಂಕ್ ತುದಿಗೆ ಡಿಗ್ರಿ ಚಕ್ರ, ಪಕ್ಕದಲ್ಲಿ ಬಾಗಿಸಿದ ತಂತಿಯ ಮುಳ್ಳು. ಕ್ರ್ಯಾಂಕನ್ನು ಒಂದು ಕಡೆಗೆ ಮೆಲ್ಲಗೆ ತಿರುಗಿಸಿ, ಪಿಸ್ಟನ್ ತಡೆಗೆ ತಾಗಿದಾಗ ಓದಿಕೊಂಡೆ. ಇನ್ನೊಂದು ಕಡೆಯಿಂದಲೂ ಹಾಗೇ. ಎರಡರ ನಟ್ಟ ನಡುವೆ ಇರುವುದೇ ಟಿಡಿಸಿ. ಅಲ್ಲಿಗೆ ಸೊನ್ನೆ ತಂದೆ.

ತಡೆ ತೆಗೆದು, ಫ್ಲೈವೀಲ್ ನಟ್‌ಗೆ ಡ್ರಿಲ್ ಸಿಕ್ಕಿಸಿ ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿದೆ. ಪ್ಲಗ್ ಹೊರಗೆ, ಅದರ ಮೈ ಎಂಜಿನ್ನಿಗೆ ಅರ್ಥ್. ಪ್ಲಗ್ ವಯರಿಗೆ ಟೈಮಿಂಗ್ ಲೈಟ್, ಅಂದರೆ ಪ್ರತಿ ಕಿಡಿಗೂ ಮಿಣುಕುವ ದೀಪ. ಇಲ್ಲೊಂದು ದಡ್ಡತನ ಮಾಡಿದೆ. ಪ್ಲಗ್ಗನ್ನು ತೂತಿನ ಪಕ್ಕದಲ್ಲೇ ಇಟ್ಟಿದ್ದೆ. ಒಳಗೆ ಉಳಿದಿದ್ದ ಪೆಟ್ರೋಲ್ ಆವಿ ಹೊರಗೆ ಉಗಿದು, ಭಗ್ ಅಂತ ಅಂಗೈಯಗಲದ ನೀಲಿ ಜ್ವಾಲೆ. ಕೈ ಮೇಲಿನ ಕೂದಲು ಹೋಯಿತು. ಈಗ ಟ್ಯಾಂಕ್, ಪೈಪ್ ಎಲ್ಲ ಖಾಲಿ ಮಾಡಿ, ಉದ್ದ ವಯರಿನಲ್ಲಿ ಅರ್ಥ್ ಕೊಟ್ಟು ಪ್ಲಗ್ಗನ್ನು ದೂರ ಇಡುತ್ತೇನೆ.

ಲೈಟ್ ಮಿಣುಕಿದಾಗ ಚಕ್ರ ನಿಂತ ಹಾಗೆ ಕಂಡಿತು. ಮುಳ್ಳು 33ರ ಮೇಲೆ.

ಫ್ಲೈವೀಲ್ ಕಳಚಿದಾಗ ಕಾರಣ ಕಂಡಿತು. ಫ್ಲೈವೀಲ್ ಮತ್ತು ಶಾಫ್ಟ್ ನಡುವೆ ಕೂರುವ ಅರ್ಧಚಂದ್ರ ಆಕಾರದ ಪುಟ್ಟ ಕೀ ಮುರಿದಿರಲಿಲ್ಲ, ಆದರೆ ನಡುವೆ ಒಂದು ಮೆಟ್ಟಿಲು ಮೂಡಿತ್ತು. ಉಗುರಿಗೆ ತಾಗುವಷ್ಟು, ಅರ್ಧ ಮಿ.ಮೀ.ಗೂ ಕಡಿಮೆ. 10 ಮಿ.ಮೀ. ಶಾಫ್ಟ್ ಮೇಲೆ ಅಷ್ಟೇ ಸಾಕು 5 ಡಿಗ್ರಿಗೆ. ಪ್ರೊಪೆಲರ್ ಬಡಿದು ಕ್ರ್ಯಾಂಕ್ ಗಕ್ಕನೆ ನಿಂತಿದೆ, ಭಾರದ ಫ್ಲೈವೀಲ್ ನಿಲ್ಲದೆ ಮುಂದಕ್ಕೆ ಜಾರಿದೆ. ಅಯಸ್ಕಾಂತ ಬೇಗ ಬಂತು, ಕಿಡಿಯೂ ಬೇಗ ಬಂತು. ಹಗ್ಗ ಕಿತ್ತುಕೊಂಡದ್ದು ಅದಕ್ಕೇ. ಅಂದ ಹಾಗೆ, ಫ್ಲೈವೀಲನ್ನು ಹಿಡಿದಿಡುವುದು ಕೀ ಅಲ್ಲ, ಟೇಪರ್, ಅಂದರೆ ತುದಿಗೆ ಸಣ್ಣದಾಗುವ ಶಾಫ್ಟ್ ಅದೇ ಆಕಾರದ ತೂತಿನಲ್ಲಿ ಬಿಗಿಯಾಗಿ ಕೂರುವುದು. ಕೀ ಬರೀ ಜಾಗ ತೋರಿಸುತ್ತದೆ. ಟೇಪರ್‌ನ ಎರಡೂ ಮೈಯಿಂದ ಎಣ್ಣೆ ಒರೆಸಿ, ಹೊಸ ಕೀ ಹಾಕಿ, ನಟ್ ಬಿಗಿ ಮಾಡಿದೆ. ಮತ್ತೆ 28.

ಎಂಜಿನ್ ಸೌಮ್ಯವಾಯಿತು. ನನಗೆ ಬೇಜಾರಾಯಿತು! ತಿರುವಿನಾಚೆಯ ಆ ಜಿಗಿತ ಹೋಗಿತ್ತು. ಸ್ವಲ್ಪವಾದರೂ ವಾಪಸ್ ಬೇಕು ಅನ್ನಿಸಿತು.

ಕಾಯಿಲ್‌ನ ಎರಡು ಸ್ಕ್ರೂ ತೂತುಗಳನ್ನು ಸಣ್ಣ ಅರದಿಂದ ಉದ್ದ ಮಾಡಿದೆ. ಫ್ಲೈವೀಲ್ 57 ಮಿ.ಮೀ. ಅಗಲ, ಹಾಗಾಗಿ ಅಂಚಿನಲ್ಲಿ ಅರ್ಧ ಮಿ.ಮೀ. ಅಂದರೆ ಒಂದು ಡಿಗ್ರಿ. ಒಂದು ಮಿ.ಮೀ. ಸರಿಸಿ ಓಡಿಸಿದರೆ ದೋಣಿ ಇನ್ನೂ ಸಪ್ಪೆ. ಅಳೆದಾಗ 26! ತಿರುಗುವ ದಿಕ್ಕಿಗೇ ಸರಿಸಿಬಿಟ್ಟಿದ್ದೆ. ಅಯಸ್ಕಾಂತವನ್ನು ಎದುರುಗೊಳ್ಳುವ ಹಾಗೆ, ತಿರುಗುವ ದಿಕ್ಕಿಗೆ ವಿರುದ್ಧ ಸರಿಸಿದರೆ ಅಡ್ವಾನ್ಸ್, ಅಂದರೆ ಕಿಡಿ ಬೇಗ. ಫ್ಲೈವೀಲ್ ಸರಿಸುವುದಾದರೆ ಉಲ್ಟಾ. ಸರಿಸಿದಾಗಲೆಲ್ಲ ಕಾಯಿಲ್ ಮತ್ತು ಫ್ಲೈವೀಲ್ ನಡುವಿನ ಗ್ಯಾಪ್ ಮತ್ತೆ ಹೊಂದಿಸಬೇಕು. 0.3 ಮಿ.ಮೀ. ದಪ್ಪದ ಕಾರ್ಡ್ ಕಾಯಿಲ್‌ನ ಎರಡೂ ಕಾಲಿನಡಿ ಒಂದೇ ಬಿಗಿಯಲ್ಲಿ ಜಾರಬೇಕು.

30ಕ್ಕೆ ತಂದಾಗ ಜಿಗಿತ ಬಂತು, ಹಗ್ಗ ಕೈಯಲ್ಲೇ ಉಳಿಯಿತು. ಆದರೆ ಮೇಲಿನ ಆರ್‌ಪಿಎಂ ಸ್ವಲ್ಪ ಬಿತ್ತು. ಇದರ ಮೂಲ ಇರುವುದು ಟ್ಯೂನ್ಡ್ ಪೈಪ್‌ನಲ್ಲಿ, ಅಂದರೆ ಒತ್ತಡದ ಅಲೆಯನ್ನು ವಾಪಸ್ ಕಳಿಸಿ ಎಂಜಿನ್ನಿಗೆ ಬಲ ಕೊಡುವ ಹೊಗೆ ಪೈಪ್‌ನಲ್ಲಿ. ಕಿಡಿ ಬೇಗ ಬಂದರೆ ಹೊರಬರುವ ಹೊಗೆ ಅಷ್ಟು ಬಿಸಿ ಇರುವುದಿಲ್ಲ. ತಣ್ಣನೆಯ ಹೊಗೆಯಲ್ಲಿ ಒತ್ತಡದ ಅಲೆ ನಿಧಾನ, ಪೈಪ್ ತನ್ನ ಉದ್ದಕ್ಕಿಂತ ಉದ್ದವಾದ ಹಾಗೆ ವರ್ತಿಸುತ್ತದೆ. ಉದ್ದ ಪೈಪ್ ಬಲ ಕೊಡುವುದು ಕಡಿಮೆ ಆರ್‌ಪಿಎಂನಲ್ಲಿ. ಮೇಲಿನ ವೇಗವೇ ಮುಖ್ಯ ಅನ್ನುವವರು ಕಿಡಿಯನ್ನು ತಡ ಮಾಡುವುದು ಇದಕ್ಕೇ. ನಾನು ಟೈಮಿಂಗ್ ಮುಟ್ಟದೆ ಪೈಪನ್ನು 3 ಮಿ.ಮೀ. ಗಿಡ್ಡ ಮಾಡಿದೆ. ಬಿದ್ದ ಆರ್‌ಪಿಎಂನಲ್ಲಿ ಬಹುಪಾಲು ವಾಪಸ್ ಬಂತು.

ಆಮೇಲೆ ಐದಾರು ಟ್ಯಾಂಕ್ ಓಡಿಸಿ ಪ್ಲಗ್ ನೋಡಿದೆ. ಚುಕ್ಕೆ ಇಲ್ಲ. 31, 32ರ ಆಸೆ ಬಿಟ್ಟೆ, ಆ ಪಿಸ್ಟನ್ ಅಂಚಿನಲ್ಲಿ ಆಗಲೇ ಸಣ್ಣ ಗುಳಿಗಳಿವೆ. ಕಾಯಿಲ್ ಕೂರುವ ಜಾಗದಲ್ಲಿ 28ಕ್ಕೆ, 30ಕ್ಕೆ ಒಂದೊಂದು ಗೀರು ಹಾಕಿದ್ದೇನೆ. ಈಗ ಪ್ರೊಪೆಲರ್ ಎಲ್ಲಿಗಾದರೂ ಬಡಿದರೆ ಸೂಜಿ ಮುಟ್ಟುವ ಮೊದಲು ಫ್ಲೈವೀಲ್ ಬಿಚ್ಚಿ ಕೀ ಮೇಲೆ ಉಗುರು ಆಡಿಸುತ್ತೇನೆ.