ಪುಲ್ಯಾದ ಒಳದಾರಿ: ಗಡಿಯಾರ ನೋಡಿಕೊಂಡು ಕಾರು ಓಡಿಸುವ ಕ್ರಮ

ಇಟಲಿಯ ನಕ್ಷೆಯಲ್ಲಿ ಬೂಟಿನ ಹಿಮ್ಮಡಿ ಇರುವ ಕಡೆಯೇ ಪುಲ್ಯಾ. ಬಂದವರು ಅಲ್ಬೆರೊಬೆಲ್ಲೋದ ಶಂಕುವಿನಾಕಾರದ ಚಾವಣಿಗಳು, ಪಕ್ಕದ ಬಸಿಲಿಕಾತಾ ಪ್ರಾಂತ್ಯದ ಮಾತೆರಾ, ಒಂದೆರಡು ಬೀಚು ನೋಡಿ ಹೊರಟುಬಿಡುತ್ತಾರೆ. ಉಳಿದದ್ದು ತಪ್ಪಿಹೋಗುವುದು ಹೊತ್ತಿನ ಲೆಕ್ಕ ಗೊತ್ತಿಲ್ಲದೆ. ವಾರದ ಸಂತೆ ಮಧ್ಯಾಹ್ನ ಒಂದರೊಳಗೆ ಎದ್ದುಹೋಗುತ್ತದೆ. ಚರ್ಚುಗಳು 12ರ ಆಸುಪಾಸಿನಲ್ಲಿ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ 4ರ ಸುಮಾರಿಗೆ. ಹೋಟೆಲಿನ ಅಡುಗೆಮನೆ ಎರಡೂವರೆಗೆ ಒಲೆ ಆರಿಸಿದರೆ ರಾತ್ರಿ ಏಳೂವರೆ, ಎಂಟರ ತನಕ ಊಟವಿಲ್ಲ. ಹಾಗಾಗಿ ನಾನು ಮೊದಲು ಗಡಿಯಾರ ನೋಡಿ ಆಮೇಲೆ ದಾರಿ ಹಾಕಿಕೊಳ್ಳುತ್ತೇನೆ. ಬೆಳಿಗ್ಗೆ 8ರಿಂದ 1ರವರೆಗೆ ಊರೊಳಗೆ ನಡಿಗೆ. ಊಟವಾದ ಮೇಲೆ ಕಾರು, ಇಲ್ಲವೇ ಬಾಗಿಲೇ ಇಲ್ಲದ ಜಾಗಗಳು: ಕಣಿವೆ, ಹಳೆಯ ಗಣಿ, ಕಡಲ ದಾರಿ. ಏಪ್ರಿಲ್-ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯದು. ಆಗಸ್ಟ್ 15ರ ಹಬ್ಬದ ಎಡಬಲದಲ್ಲಿ ಇಟಲಿಯೇ ಕಡಲತೀರಕ್ಕೆ ಇಳಿದಿರುತ್ತದೆ, ಆಗ ಬೇಡ.

ಭಾರತದ ಲೈಸೆನ್ಸ್ ಜೊತೆಗೆ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು, ಅದರ ಅವಧಿ ಒಂದು ವರ್ಷ. ಬಾಡಿಗೆ ಕಾರಿನ ಡಿಪಾಸಿಟ್‌ಗೆ ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಡೆಬಿಟ್ ಕಾರ್ಡ್ ನೆಚ್ಚಿಕೊಂಡು ಹೋದರೆ ಕೌಂಟರಿನಲ್ಲೇ ಸಿಕ್ಕಿಕೊಳ್ಳುತ್ತೀರಿ. ಕಾರು ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದು. ಹಳೆಯ ಊರುಗಳ ಸುತ್ತ ಎರಡು ಕನ್ನಡಿ ಮಡಚಿದರಷ್ಟೇ ನುಗ್ಗುವ ಓಣಿಗಳಿವೆ.

ಹಣ ಸೋರುವುದು ಓಣಿಯಲ್ಲಲ್ಲ, ಜೆಡ್‌ಟಿಎಲ್‌ನಲ್ಲಿ, ಅಂದರೆ ಹೊರಗಿನ ಕಾರುಗಳಿಗೆ ನಿರ್ಬಂಧವಿರುವ ಊರೊಳಗಿನ ವಲಯದಲ್ಲಿ. ಬಿಳಿ ಹಲಗೆಯ ಮೇಲೆ ಕೆಂಪು ಬಳೆ, ಕೆಳಗೆ ಹೊತ್ತಿನ ಪಟ್ಟಿ, ಮೇಲೊಂದು ಕ್ಯಾಮೆರಾ ಕಂಡರೆ ಅಲ್ಲೇ ನಿಲ್ಲಿ. ಮಿನುಗುವ ಫಲಕದಲ್ಲಿ 'ವಾರ್ಕೋ ಅತ್ತೀವೋ' ಎಂದಿದ್ದರೆ ನಿರ್ಬಂಧ ಈಗ ಚಾಲ್ತಿಯಲ್ಲಿದೆ, 'ನೋನ್ ಅತ್ತೀವೋ' ಎಂದಿದ್ದರೆ ಇಲ್ಲ. ಒಳಹೊಕ್ಕದ್ದಕ್ಕೆ ದಂಡ. ಅದರ ಮೇಲೆ ನಿಮ್ಮ ವಿಳಾಸ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿಯ ಶುಲ್ಕ. ಗೂಗಲ್ ನಕ್ಷೆ ಸೀದಾ ಒಳಗೇ ಕರೆದೊಯ್ಯುವುದುಂಟು, ಆದ್ದರಿಂದ ಗುರಿಯನ್ನು ಚರ್ಚಿಗೆ ಇಡದೆ ಊರ ಹೊರಗಿನ ಪಾರ್ಕಿಂಗಿಗೆ ಇಡಿ. ಬಿಳಿ ಗೆರೆ ಉಚಿತ, ನೀಲಿಗೆ ದುಡ್ಡು, ಹಳದಿ ನಮಗಲ್ಲ. ಬಿಳಿ ಗೆರೆಯಲ್ಲೂ ಸಂತೆಯ ದಿನದ ಫಲಕ ಓದಿಯೇ ರಾತ್ರಿ ನಿಲ್ಲಿಸಿ. ಬೆಳಿಗ್ಗೆ ತರಕಾರಿ ಅಂಗಡಿ ಹೂಡುವ ಮೊದಲು ಕಾರನ್ನು ಎಳೆದೊಯ್ಯುತ್ತಾರೆ.

ಪೆಟ್ರೋಲಿಗೆ 'ಬೆನ್ಸೀನಾ', ಡೀಸೆಲಿಗೆ 'ಗಸೋಲಿಯೋ'. ಮಧ್ಯಾಹ್ನ ಬಂಕಿನಲ್ಲಿ ಆಳಿರುವುದಿಲ್ಲ. ಯಂತ್ರಕ್ಕೆ ನೋಟು ಹಾಕಿ ಪಂಪಿನ ನಂಬರ್ ಒತ್ತಬೇಕು. ಅದು ಚಿಲ್ಲರೆ ಕೊಡುವುದಿಲ್ಲ, ಆದ್ದರಿಂದ ಟ್ಯಾಂಕಿಗೆ ಹಿಡಿಸುವಷ್ಟೇ ಹಾಕಿ. ಕಾರ್ಡ್ ಹಾಕಿದರೆ ತುಂಬಿಸಿದ್ದಕ್ಕಿಂತ ದೊಡ್ಡ ಮೊತ್ತವನ್ನು ತಡೆಹಿಡಿದು ಆಮೇಲೆ ಬಿಡುವುದುಂಟು.

ಶುರುವಿಗೆ ಪುಲ್ಯಾದ ರಾಜಧಾನಿ ಬಾರಿ ನಗರದಿಂದ ಒಳನಾಡಿನತ್ತ ಸುಮಾರು 45 ಕಿಲೋಮೀಟರ್, ಅಲ್ತಮೂರಾ. ಇಲ್ಲಿನ ಬ್ರೆಡ್ಡಿಗೆ 2003ರಲ್ಲಿ ಯುರೋಪಿನ ಮೂಲಸ್ಥಾನದ ಮಾನ್ಯತೆ ಸಿಕ್ಕಿತು. ಎರಡು ಸಲ ಬೀಸಿದ ಗಟ್ಟಿಗೋಧಿಯ ಹಿಟ್ಟು, ಹುಳಿಹಿಟ್ಟು, ಉಪ್ಪು, ನೀರು, ಅಷ್ಟೇ. ಮೇಲಿನ ಪದರ ಕನಿಷ್ಠ 3 ಮಿಲಿಮೀಟರ್ ದಪ್ಪವಿರಬೇಕೆಂಬುದು ನಿಯಮ. ಒಳಗಿನ ತಿರುಳು ತಿಳಿಹಳದಿ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಮೆತ್ತಗೆ ಒತ್ತಿದರೆ ತಗ್ಗುವ, ಒಳಗೆ ಬೆಳ್ಳಗಿರುವ ಉಂಡೆ ಅಲ್ತಮೂರಾದ ಹೆಸರಿದ್ದರೂ ಬೇಡ. ಬಟ್ಟೆಯಲ್ಲಿ ಸುತ್ತಿಟ್ಟರೆ ನಾಲ್ಕೈದು ದಿನ ಕೆಡುವುದಿಲ್ಲ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಮರುದಿನವೇ ಸಿಪ್ಪೆ ರಬ್ಬರು. ಹಿಂದೆ ಮನೆಯಲ್ಲಿ ನಾದಿದ ಹಿಟ್ಟನ್ನು ಊರೊಟ್ಟಿನ ಒಲೆಗೆ ಒಯ್ಯುತ್ತಿದ್ದರು. ಯಾರದು ಯಾವುದೆಂದು ತಿಳಿಯಲು ಹೊಡೆಯುತ್ತಿದ್ದ ಮರದ ಮುದ್ರೆಗಳನ್ನು ಮಾತೆರಾದ ಅಂಗಡಿಗಳಲ್ಲಿ ಈಗಲೂ ಮಾರುತ್ತಾರೆ. ಅಲ್ಲಿನ ಅಯಸ್ಕಾಂತದ ಆಟಿಕೆಗಳಿಗಿಂತ ಅದು ಎಷ್ಟೋ ವಾಸಿ.

ಬಾರಿಯ ಫೊಕಾಚ್ಚಾ ಎಂಬ ಚಪ್ಪಟೆ ಬ್ರೆಡ್ಡಿನ ಹಿಟ್ಟಿಗೆ ಬೇಯಿಸಿದ ಆಲೂಗಡ್ಡೆಯೂ ಸೇರುತ್ತದೆ, ಮೇಲೆ ಹಿಸುಕಿದ ಚಿಕ್ಕ ಟೊಮೇಟೊ, ಆಲಿವ್. 'ಫೊರ್ನೋ' ಎಂದು ಬರೆದ ಬೇಕರಿಗೆ ಹನ್ನೊಂದರ ಹೊತ್ತಿಗೆ ಹೋಗಿ. ಒಂದು ಗಂಟೆಯ ಮೇಲೆ ಉಳಿಯುವುದು ತಣ್ಣಗಾದ ಅಂಚಿನ ತುಂಡು. ತೂಕಕ್ಕೆ ಮಾರುವ ಕಡೆ ಒಬ್ಬರಿಗೆ 'ದೂಯೆ ಎತ್ತಿ', ಅಂದರೆ 200 ಗ್ರಾಂ, ಸಾಕು.

ಅಲ್ತಮೂರಾದಿಂದ ಸುಮಾರು 12 ಕಿಲೋಮೀಟರಿಗೆ ಗ್ರವೀನಾ. ಕಣಿವೆಗೆ ಅಡ್ಡಲಾಗಿ ಎರಡು ಅಂತಸ್ತಿನ ಕಲ್ಲುಸೇತುವೆ, ಆಚೆ ದಡದಲ್ಲಿ ಕೊರೆದ ಗುಹೆಗಳು. ಸೇತುವೆ ದಾಟಿ ಆಚೆಯಿಂದ ಹಿಂದಿರುಗಿ ನೋಡಿದರೇ ಊರು ಪೂರ್ತಿ ಕಾಣುವುದು. ಮಾತೆರಾಕ್ಕೂ ಇದೇ ಉಪಾಯ: ಎದುರು ದಡದ ಮುರ್ಜಾ ತಿಮೋನೆಗೆ ಸಂಜೆ ಹೋಗಿ. ಅಲ್ತಮೂರಾದ ಉತ್ತರಕ್ಕೆ ಪೂಲೋ ದಿ ಅಲ್ತಮೂರಾ ಎಂಬ, ನೆಲ ಕುಸಿದ ಗುಂಡಿ ಇದೆ, ಸುಮಾರು 500 ಮೀಟರ್ ಅಗಲ, ಸುಣ್ಣಕಲ್ಲು ಕರಗಿ ಆದದ್ದು. ಸುತ್ತ ನೆರಳಿಲ್ಲ. ನೀರು ಒಯ್ಯಿರಿ.

ಸಸ್ಯಾಹಾರಿಗಳಿಗೆ ಪುಲ್ಯಾ ಸುಲಭ ಎನ್ನುವ ಮಾತು ಮುಕ್ಕಾಲು ಪಾಲು ನಿಜ. ಒರೆಕ್ಕಿಯೆತ್ತೆ ಪಾಸ್ತಾಕ್ಕೆ ರಾಪಾ ಸೊಪ್ಪು ಹಾಕುವಾಗ ಸಾಮಾನ್ಯವಾಗಿ ಆಂಚೊವಿ ಮೀನನ್ನು ಎಣ್ಣೆಯಲ್ಲಿ ಕರಗಿಸಿಬಿಡುತ್ತಾರೆ, ಕಣ್ಣಿಗೆ ಬೀಳುವುದಿಲ್ಲ. 'ಸೆನ್ಸಾ ಅಚ್ಚೂಗೆ' ಎಂದು ಮೊದಲೇ ಹೇಳಿ. ಸಿಹಿತಿಂಡಿಯ ಹಿಟ್ಟಿಗೆ ಹಂದಿಕೊಬ್ಬು ಹಾಕುವ ರೂಢಿಯಿದೆ: 'ಚೆ ಸ್ತ್ರುತ್ತೋ?' ಎಂದು ಕೇಳಬೇಕು. ಅಂದ್ರಿಯಾದ ಬುರ‍್ರಾತಾ ಚೀಸಿಗೆ ಸಾಮಾನ್ಯವಾಗಿ ಪ್ರಾಣಿಮೂಲದ ಹೆಪ್ಪು. ತಿನ್ನುವವರು ಕೊಂಡ ದಿನವೇ ತಿನ್ನಿ, ಅದನ್ನು ಬಿಸಿಲಿನ ಕಾರಿನಲ್ಲಿ ಬಿಟ್ಟರೆ ಒಳಗಿನ ಕೆನೆ ಹುಳಿಯಾಗುತ್ತದೆ.

ಹೆದರದೆ ಕೇಳಬಹುದಾದದ್ದು 'ಫಾವೆ ಎ ಚಿಕೋರಿಯೆ': ಕಡೆದ ಫಾವಾ ಬೇಳೆ, ಜೊತೆಗೆ ಚಿಕೋರಿ ಸೊಪ್ಪು. ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರು ಬರುವ ಗಿಡದ್ದೇ ಸೊಪ್ಪು ಅದು, ಇಲ್ಲಿ ಹೊಲದಂಚಿನಲ್ಲಿ ತಾನಾಗಿ ಬೆಳೆಯುತ್ತದೆ. ಬಾಡಿಗೆ ಮನೆಯಲ್ಲಿ ಒಲೆಯಿದ್ದರೆ ನೀವೇ ಮಾಡಿ. ಸಿಪ್ಪೆ ತೆಗೆದ ಒಣ ಫಾವಾ ಬೇಳೆ 250 ಗ್ರಾಂ ರಾತ್ರಿ ನೆನೆಸಿ, ಒಂದು ಆಲೂಗಡ್ಡೆ ಹೆಚ್ಚಿ ಹಾಕಿ, ಬೇಳೆಯ ಮೇಲೆ ಎರಡು ಬೆರಳು ನೀರು ನಿಲ್ಲಲಿ. ನೊರೆ ತೆಗೆದು ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ಉರಿ ಜೋರಾದರೆ ತಳ ಹಿಡಿದು ಇಡೀ ಪಾತ್ರೆ ಕಮಟುತ್ತದೆ. ಕರಗಿದ ಮೇಲೆ ಉಪ್ಪು, ಎರಡು ದೊಡ್ಡ ಚಮಚ ಆಲಿವ್ ಎಣ್ಣೆ ಹಾಕಿ ಮರದ ಸೌಟಿನಿಂದ ಕಡೆಯಿರಿ. ಸೊಪ್ಪು ಬೇರೆ ಬೇಯಿಸಿ ಹಿಂಡಿ ಪಕ್ಕಕ್ಕಿಡಿ, ಮೇಲೆ ಹಸಿ ಎಣ್ಣೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಮಾತ್ರ ಫಾವಾ ಮುಟ್ಟಲೇಬಾರದು, ರಕ್ತಕಣಗಳು ಒಡೆಯುತ್ತವೆ.

ಬೇಸಿಗೆಯ ಸಂತೆಯಲ್ಲಿ 'ಬರತ್ತಿಯೇರೆ' ಹುಡುಕಿ. ಖರ್ಬೂಜದ ಜಾತಿಯದೇ ಕಾಯಿ, ಸಿಹಿಯಾಗುವ ಮೊದಲೇ ಕೊಯ್ದು ಸೌತೆಯಂತೆ ಹಸಿಯಾಗಿ ತಿನ್ನುತ್ತಾರೆ. ಎರಡು ಸಲ ಸುಟ್ಟ ಒಣ ಬಳೆರೊಟ್ಟಿ 'ಫ್ರಿಸೆಲ್ಲೆ'ಯನ್ನು ನೀರಿಗೆ ಅದ್ದಿ ತಕ್ಷಣ ತೆಗೆಯಬೇಕು, ಬಾರ್ಲಿಯದಾದರೆ ಇನ್ನೊಂದೆರಡು ಕ್ಷಣ ಹೆಚ್ಚು. ಟೊಮೇಟೊ ಉಜ್ಜಿ, ಎಣ್ಣೆ, ಉಪ್ಪು. ಕಾರಿನ ಬುತ್ತಿಗೆ ಇದನ್ನು ಮೀರಿಸಿದ್ದಿಲ್ಲ.

ದಕ್ಷಿಣದ ಸಲೆಂತೋ ಕಡೆ ಗಲತೀನಾದ ಸಾಂತಾ ಕತೆರೀನಾ ಬಸಿಲಿಕಾದಲ್ಲಿ ಗೋಡೆ, ಕಮಾನು ಎಲ್ಲವೂ ಚಿತ್ರಮಯ. ಪಸ್ತಿಚೊತ್ತೋ ಎಂಬ ಕಸ್ಟರ್ಡ್ ತುಂಬಿದ ತಿಂಡಿ 1745ರಲ್ಲಿ ಇಲ್ಲೇ ಹುಟ್ಟಿತೆಂದು ಊರವರ ಹೇಳಿಕೆ. ಬೆಳಿಗ್ಗೆ ಬಿಸಿಯಿರುವಾಗ ತಿನ್ನಿ. ಸಂಜೆಗೆ ಹಿಟ್ಟು ಬಿಗಿದಿರುತ್ತದೆ. ಒತ್ರಾಂತೋ ಊರಿನ ಮುಖ್ಯ ಚರ್ಚು ಕತೆದ್ರಾಲೆಯ ನೆಲವಿಡೀ 1163-65ರ ಮೊಸಾಯಿಕ್, ಪಂತಲೆಯೋನೆ ಎಂಬ ಸನ್ಯಾಸಿಯ ಕೆಲಸ. ಬಾಗಿಲ ಬಳಿ ಬಗ್ಗಿ ನೋಡಿ: ಮೊಸಾಯಿಕ್‌ನ ದೊಡ್ಡ ಮರ ನಿಂತಿರುವುದು ಎರಡು ಆನೆಗಳ ಬೆನ್ನ ಮೇಲೆ. ಊರ ದಕ್ಷಿಣಕ್ಕಿರುವ ಕೆಂಪು ಬಾಕ್ಸೈಟ್ ಗಣಿಯ ಹಸಿರು ಕೊಳವನ್ನು ಮಧ್ಯಾಹ್ನಕ್ಕಿಡಿ, ಮಳೆ ಬಂದ ಮರುದಿನ ಮಾತ್ರ ಬೇಡ, ಜಾರುತ್ತದೆ.

ಒತ್ರಾಂತೋ-ಲೆಯುಕಾ ಕಡಲದಾರಿ ಸುಮಾರು 50 ಕಿಲೋಮೀಟರ್. ಅದನ್ನು ಲೆಯುಕಾದಿಂದ ಉತ್ತರಕ್ಕೆ ಓಡಿಸಿ. ಇಲ್ಲಿ ಬಲಬದಿಯ ಸಂಚಾರ, ಹಾಗಾಗಿ ಕಡಲು ನಿಮ್ಮ ಬದಿಗೇ ಇರುತ್ತದೆ. ನಿಲ್ಲಲು ಎದುರಿನ ವಾಹನ ಕಾಯಬೇಕಿಲ್ಲ. ಮಧ್ಯಾಹ್ನದ ಬಿಸಿಲು ಬೆನ್ನ ಕಡೆಯಿಂದ ಬಿದ್ದು ನೀರಿನ ಬಣ್ಣವೂ ತೆರೆಯುತ್ತದೆ.

ಒಳನಾಡಿಗೆ ತಿರುಗಿದರೆ ಮೈಲುಗಟ್ಟಲೆ ಬೂದಿಬಣ್ಣದ ಸತ್ತ ಆಲಿವ್ ಮರಗಳು. 2013ರಲ್ಲಿ ಗಲ್ಲೀಪೊಲಿ ಬಳಿ ಪತ್ತೆಯಾದ ಕ್ಸೈಲೆಲ್ಲಾ ಬ್ಯಾಕ್ಟೀರಿಯಾ ರಸನಾಳ ಕಟ್ಟಿ ಒಣಗಿಸಿದ್ದು. ಎಣ್ಣೆಯನ್ನು ನಾನು ಕೊಳ್ಳುವುದು ಉತ್ತರದ ಬಿತೊಂತೋ, ಅಂದ್ರಿಯಾ ಕಡೆ: ಕೊರತೀನಾ ತಳಿಯದು, ಗಂಟಲಿಗೆ ಹಿಡಿಯುವಷ್ಟು ಖಾರ. ಅಕ್ಟೋಬರ್-ನವೆಂಬರಿನಲ್ಲಿ ಗಾಣಕ್ಕೇ ಹೋದರೆ ಹೊಸದು ಸಿಗುತ್ತದೆ. ಗಾಜು ಬೇಡ, ತಗಡಿನ ಡಬ್ಬಿ ಕೇಳಿ. ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಕವರಿನಲ್ಲಿ ಕಟ್ಟಿ, ಚೆಕ್-ಇನ್ ಪೆಟ್ಟಿಗೆಯ ನಡುವೆ ಬಟ್ಟೆಗಳೊಳಗೆ ಇಡಿ. ಐದು ಲೀಟರಿನ ಒಂದಕ್ಕಿಂತ ಒಂದು ಲೀಟರಿನ ಐದು ಒಳ್ಳೆಯದು, ತೆರೆದ ಡಬ್ಬಿಗೆ ಗಾಳಿ ತಾಗಿ ಆ ಖಾರ ಬೇಗ ಇಳಿಯುತ್ತದೆ.