ಕುಕ್ಕರ್ ಕಟ್ಟಿಕೊಂಡು ಐಸ್‌ಫೀಲ್ಡ್ಸ್ ಪಾರ್ಕ್‌ವೇ: ನನ್ನ ಅನುಭವ

ಕೆನಡಾದ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಎಂಬ ಬೆಟ್ಟದ ರಸ್ತೆ ಲೇಕ್ ಲೂಯಿಸಿನಿಂದ ಜಾಸ್ಪರ್‌ಗೆ ಸುಮಾರು 230 ಕಿಲೋಮೀಟರ್. ಬ್ಯಾನ್ಫ್ ಮತ್ತು ಜಾಸ್ಪರ್ ರಾಷ್ಟ್ರೀಯ ಉದ್ಯಾನಗಳ ನಡುವೆ ಹಾಯುವ ಈ ರಸ್ತೆಯನ್ನು ಕ್ಯಾಲ್ಗರಿಯ ನಮ್ಮ ಬಳಗದವರು ಒಂದೇ ದಿನದಲ್ಲಿ ಓಡಿಸಿ ಮುಗಿಸುತ್ತಾರೆ. ರಾತ್ರಿ ಹೋಟೆಲಿಗೆ 400 ಡಾಲರ್ ಸುರಿಯುತ್ತಾರೆ. ಹಳೆಯ ಮಿನಿವ್ಯಾನಿನಲ್ಲೇ ಮಲಗಿ, ನಾವೇ ಬೇಯಿಸಿಕೊಂಡು ಐದು ದಿನ ಕಳೆಯುತ್ತೇವೆ ಎಂದಾಗ ಎಲ್ಲರೂ ನಕ್ಕರು. "ಮಗುವನ್ನು ಕರೆದುಕೊಂಡು ಇದೇನಪ್ಪ ಹುಚ್ಚು" ಎಂದರು ಹಿರಿಯರೊಬ್ಬರು. ಹೋದ ಆಗಸ್ಟ್ ಕೊನೆಗೆ ಹೋಗಿ ಬಂದೆವು. ಪೆಟ್ರೋಲ್, ದಿನಸಿ, ಕ್ಯಾಂಪಿನ ಬಾಡಿಗೆ ಸೇರಿ ಹೆಚ್ಚು ಕಡಿಮೆ 400 ಡಾಲರ್. ಉದ್ಯಾನದ ವಾರ್ಷಿಕ ಪ್ರವೇಶ ಪಾಸು ಮೊದಲೇ ಇತ್ತು, ಅದನ್ನು ಸೇರಿಸಿಲ್ಲ. ಈಗ ಅದೇ ಹಿರಿಯರು ಹಾಸಿಗೆಯ ಅಳತೆ ಕೇಳುತ್ತಿದ್ದಾರೆ.

ಆದರೆ ಅದಕ್ಕೂ ಮುಂಚೆ ವ್ಯಾನಿನಲ್ಲಿ ಮಲಗಲು ಹೊರಟ ಎರಡು ಸಲ ನಕ್ಕವರೇ ಗೆದ್ದಿದ್ದರು. ಮೊದಲ ಸಲ ಮುಕ್ಕಾಲು ಇಂಚಿನ ಪ್ಲೈವುಡ್ಡಿನಲ್ಲಿ ಮಂಚ ಮಾಡಿಸಿದೆ. ಎದ್ದು ಕುಳಿತರೆ ತಲೆ ಚಾವಣಿಗೆ ಬಡಿಯುತ್ತಿತ್ತು. ಸುಮಾರು 180 ಡಾಲರ್ ನೀರುಪಾಲು. ಆ ಹಲಗೆ ಈಗ ಗ್ಯಾರೇಜಿನಲ್ಲಿ ಹೂಕುಂಡ ಹೊತ್ತು ನಿಂತಿದೆ. ಎರಡನೆಯ ಸಲ ಸೀಟು ಕಿತ್ತು ನೆಲದ ಮೇಲೇ ಫೋಮ್ ಹಾಸಿದೆ. ಚಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿದೆವು. ಮೂವರ ಉಸಿರು ಗಾಜಿನ ಮೇಲೆ ನೀರಾಗಿ, ಬೆಳಗಿನ ಜಾವಕ್ಕೆ ಚಾವಣಿಯಿಂದ ತೊಟ್ಟಿಕ್ಕತೊಡಗಿತು. "ರೀ, ಮಳೆ ಒಳಗೇ ಬರುತ್ತಿದೆ" ಎಂದು ಹೆಂಡತಿ ಎಬ್ಬಿಸಿದಳು. ಈಗ ಎದುರು ಬದುರಿನ ಎರಡು ಕಿಟಕಿಗಳನ್ನು ಎರಡೆರಡು ಬೆರಳು ತೆರೆದು ಸೊಳ್ಳೆ ಪರದೆ ಬಿಗಿಯುತ್ತೇನೆ. ಪರದೆ ಜಾರದಂತೆ ನಿಲ್ಲಿಸುವ ಉಪಾಯ ಮಾತ್ರ ನನ್ನಲ್ಲೇ ಇರಲಿ.

ಅಂದೇ ಒಲೆಯೂ ಕೈಕೊಟ್ಟಿತು. ಬ್ಯೂಟೇನ್ ಡಬ್ಬಿ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗಲು ಒಲ್ಲೆನ್ನುತ್ತದೆ. ಉರಿ ಹಣತೆಯಷ್ಟಕ್ಕೆ ಇಳಿಯಿತು. ಡಬ್ಬಿಯನ್ನು ಕಂಬಳಿಯೊಳಗೆ ಮಲಗಿಸಿಕೊಂಡು ನೋಡಿದೆ, ಒಂದು ಲೋಟ ಕಾಫಿಗೆ ಸಾಕಾಯಿತು, ಅನ್ನಕ್ಕೆ ಸಾಲಲಿಲ್ಲ. ಪ್ರೊಪೇನಿಗೆ ಬದಲಾದ ಮೇಲೆ ಆ ತಂಟೆ ಇಲ್ಲ. ಇನ್ನು ಈ ದಾರಿಯಲ್ಲಿ ನಾವು ತಂಗುವ ವಿಲ್ಕಾಕ್ಸ್ ಕ್ಯಾಂಪ್ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಇಟ್ಟರೂ ತೊಗರಿಬೇಳೆ ಹಲ್ಲಿಗೆ ಸಿಗುತ್ತಿತ್ತು. ಈ ಸಲ ಊರಿನಿಂದ ತಂದ ಮೂರು ಲೀಟರಿನ ಕುಕ್ಕರ್ ಒಯ್ದೆ. ಮೊದಲ ಸೀಟಿಗೆ ಪಕ್ಕದ ಟೆಂಟಿನ ದಂಪತಿ ಗಾಬರಿಯಿಂದ ಓಡಿ ಬಂದರು. ಐದನೆಯ ಸೀಟಿಯ ಹೊತ್ತಿಗೆ ತಟ್ಟೆ ಹಿಡಿದು ನಿಂತಿದ್ದರು. ಬಿಸಿಬೇಳೆಬಾತು ಅವರಿಗೂ ಆಯಿತು.

ವಿಲ್ಕಾಕ್ಸಿನಲ್ಲಿ ಮೊದಲು ಬಂದವರಿಗೆ ಜಾಗ. ಹನ್ನೊಂದರೊಳಗೆ ತಲುಪಿ; ಹಿಮ ಕಾಣುವ ಜಾಗ ಯಾವುದೆಂದು ಹೇಳಲಾರೆ, ಮತ್ತೆ ಹೋಗುವವನಿದ್ದೇನೆ. ರಸ್ತೆ ಬದಿಯಲ್ಲಿ ನಿಲ್ಲಿಸಿ ಮಲಗುವಂತಿಲ್ಲ. ನಡುದಾರಿಯಲ್ಲಿ ಸಸ್ಕಾಚೆವಾನ್ ಕ್ರಾಸಿಂಗ್ ಬಿಟ್ಟರೆ ಪೆಟ್ರೋಲ್ ಇಲ್ಲ, ಅಲ್ಲಿಯ ಬೆಲೆಯೋ ಕೈ ಸುಡುತ್ತದೆ. ಲೇಕ್ ಲೂಯಿಸ್ ಬಳಿಯ ಮೊರೈನ್ ಸರೋವರಕ್ಕೆ 2023ರಿಂದ ಸ್ವಂತ ಕಾರು ಬಿಡುವುದಿಲ್ಲ. ಉದ್ಯಾನದವರ ಬಸ್ಸಿನ ಟಿಕೆಟ್ ಎರಡು ದಿನ ಮೊದಲು ಬೆಳಿಗ್ಗೆ ಎಂಟಕ್ಕೆ ಮತ್ತಷ್ಟು ಬಿಡುತ್ತಾರೆ, ನಮಗೆ ಸಿಕ್ಕಿದ್ದು ಆಗಲೇ.

ಮಗಳ ಹಟಕ್ಕೆ ದೋಸೆ ಹಿಟ್ಟನ್ನೂ ಒಯ್ದಿದ್ದೆವು. ಕರಡಿಗಳ ಕಾಟಕ್ಕೆ ಹೊರಗೆ ಏನನ್ನೂ ಇಡುವಂತಿಲ್ಲ, ಹಾಗಾಗಿ ಡಬ್ಬಿ ವ್ಯಾನಿನೊಳಗೇ. ರಾತ್ರಿಯ ಚಳಿಗೆ ಹಿಟ್ಟು ಅಲುಗಲಿಲ್ಲ. ಮರುದಿನ ಅಥಬಾಸ್ಕಾ ಹಿಮನದಿಯ ಬುಡಕ್ಕೆ ನಡೆದು, ಹಿಮ ಯಾವ ಇಸವಿಯಲ್ಲಿ ಎಲ್ಲಿಯವರೆಗಿತ್ತೆಂದು ತೋರಿಸುವ ಫಲಕಗಳನ್ನು ಮಗಳು ಒಂದೊಂದಾಗಿ ಓದಿ ಮುಗಿಸುವ ಹೊತ್ತಿಗೆ, ಬಿಸಿಲಿಗೆ ಕಾದ ವ್ಯಾನಿನಲ್ಲಿ ಹಿಟ್ಟು ಉಕ್ಕಿ ಮುಚ್ಚಳ ಹಾರಿತ್ತು. ಫೋಮೆಲ್ಲ ಹುಳಿ. ಮೂರು ರಾತ್ರಿ ಅದರ ಮೇಲೇ ಮಲಗಿದೆವು. ಮುಂದಿನ ಸಲ ನೀರುದೋಸೆ.